ಅರಮನೆಯ ಹೆಣ್ಣುಮಕ್ಕಳು ಮತ್ತು ಊರ ಬಾಯಿ

ಮೈಸೂರಿನಿಂದ ನಂಜನಗೂಡಿನ ಬಸ್ಸು ಹತ್ತಿದರೆ ಎಡಗಡೆ ಚಾಮುಂಡಿಬೆಟ್ಟ ಬಹಳ ಹೊತ್ತು ನಮ್ಮ ಜೊತೆಗೇ ಬರುತ್ತದೆ. ಬೆಟ್ಟದ ಮೇಲಿನ ತಾಯಿ ಮೈಸೂರು ಒಡೆಯರ ಮನೆದೇವರು. ಇಪ್ಪತ್ತಮೂರು ಕಿಲೋಮೀಟರು ದಾಟಿದರೆ ಕಪಿಲೆಯ ದಂಡೆಯಲ್ಲಿ ನಂಜುಂಡೇಶ್ವರ. ಈ ಸೀಮೆಯ ಹಾಡುಗಾರರು ಈ ಇಬ್ಬರ ನಡುವೆ ಒಂದು ಪ್ರೇಮಕಥೆಯನ್ನೇ ಕಟ್ಟಿದ್ದಾರೆ. ನಂಜುಂಡ ಚಾಮುಂಡಿಗೆ ಮನಸೋತ, ಮನೆಯಲ್ಲಿ ಹೆಂಡತಿ ದೇವೀರಿ ಸಿಡುಕಿದಳು, ಇಬ್ಬರು ಹೆಂಗಸರ ನಡುವೆ ಮಾತಿಗೆ ಮಾತು ಬೆಳೆಯಿತು. ಹಾಡುವವರಿಗೂ ಕೇಳುವವರಿಗೂ ಇದರಲ್ಲಿ ಭಕ್ತಿಗೆ ಕೊರತೆಯೇನೂ ಕಾಣುವುದಿಲ್ಲ. ದೇವರನ್ನು ತಮ್ಮ ಮನೆಯ ಮಾವನಂತೆ, ಪಕ್ಕದ ಮನೆಯ ಯಜಮಾನನಂತೆ ಕಂಡವರ ಸಲಿಗೆ ಅದು.

ದೇವರನ್ನೇ ಬಿಡದ ಜನ ದೊರೆಗಳನ್ನು ಬಿಟ್ಟಾರೆಯೆ? ನಂಜನಗೂಡಿನಿಂದ ತಿರುಮಕೂಡಲು ನರಸೀಪುರದವರೆಗೆ, ಅಲ್ಲಿಂದ ತಲಕಾಡು ಮಾಲಂಗಿಯವರೆಗೆ, ನದಿ ಹರಿದಷ್ಟು ದೂರವೂ ಅರಮನೆಯ ಒಳಮನೆಯ ಮಾತು ಹರಿದಿದೆ. ಯಾವ ರಾಣಿಗೆ ಮಕ್ಕಳಾಗಲಿಲ್ಲ, ಯಾವ ಸುಲ್ತಾನನಿಗೆ ಎಷ್ಟು ಹೆಂಡಿರು, ಯಾರ ಶಾಪ ಯಾರಿಗೆ ತಟ್ಟಿತು ಎಂಬ ಹರಟೆ ಕೇಳುತ್ತಲೇ ನಾವೆಲ್ಲ ಬೆಳೆದೆವು. ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೆ ಅಫವಾ ಎಂದು ಹೆಸರು, ಹೊರಗಿನ ಕನ್ನಡದಲ್ಲಿ ಗಾಳಿಮಾತು. ಎರಡು ಭಾಷೆಯಲ್ಲೂ ಅದರ ಗುಣ ಒಂದೇ. ಅದು ಗಂಡಸರ ಹೆಸರಿನಲ್ಲಿ ಹುಟ್ಟಿ ಹೆಂಗಸರ ತಲೆಯ ಮೇಲೆ ಬೀಳುತ್ತದೆ.

ಹದೀಸ್ ವಿದ್ವಾಂಸರಲ್ಲಿ ಒಂದು ಪದ್ಧತಿಯಿದೆ. ಯಾವ ಮಾತು ಬಂದರೂ ಮೊದಲು ಅದರ ಸನದು ಕೇಳುತ್ತಾರೆ. ಇದನ್ನು ಯಾರು ಹೇಳಿದರು, ಅವರಿಗೆ ಯಾರು ಹೇಳಿದರು, ಹೇಳಿದವರು ನಂಬಿಕಸ್ಥರೆ ಎಂದು ಕೊಂಡಿ ಕೊಂಡಿಯಾಗಿ ಹಿಡಿದು ಹಿಂದಕ್ಕೆ ಹೋಗುತ್ತಾರೆ. ಅರಮನೆಯ ಗಾಳಿಮಾತುಗಳಿಗೂ ಇದೇ ಪ್ರಶ್ನೆ ಹಾಕಿ ನೋಡೋಣ ಎಂಬುದು ಈ ಬರಹದ ಉದ್ದೇಶ.

ನಂಜನಗೂಡು ತಾಲ್ಲೂಕಿನ ಕಳಲೆಯಿಂದ ಆರಂಭಿಸುವುದು ಸರಿ. ಇಂದು ಸಣ್ಣ ಊರಾಗಿ ಕಾಣುವ ಕಳಲೆ ಒಂದು ಕಾಲಕ್ಕೆ ಮೈಸೂರಿನ ಅರ್ಧ ರಾಜಕಾರಣ. ಮೈಸೂರಿನ ಸೇನಾಧಿಪತಿಗಳಾದ ದಳವಾಯಿಗಳು ಈ ಮನೆತನದಿಂದ ಬಂದರು. ಒಡೆಯರ ರಾಣಿಯರಲ್ಲಿ ಅನೇಕರು ಇಲ್ಲಿಯ ಹೆಣ್ಣುಮಕ್ಕಳೇ. 1735ರಲ್ಲಿ ಕಪಿಲೆಗೆ ಕಟ್ಟಿಸಿದ ಸೇತುವೆಗೂ ದಳವಾಯಿಯ ಹೆಸರೇ ಇದೆ. ಹದಿನೆಂಟನೆಯ ಶತಮಾನದ ನಡುವೆ ದಳವಾಯಿ ದೇವರಾಜಯ್ಯ ಮತ್ತು ನಂಜರಾಜಯ್ಯ ಸೋದರರು ರಾಜ್ಯವನ್ನು ಕೈಯಲ್ಲಿಟ್ಟುಕೊಂಡರು. ಇಮ್ಮಡಿ ಕೃಷ್ಣರಾಜ ಒಡೆಯರು ನಂಜರಾಜಯ್ಯನವರ ಅಳಿಯ. ಸಿಂಹಾಸನದ ಮೇಲೆ ಅಳಿಯ, ಅಧಿಕಾರದ ಮೇಲೆ ಮಾವ. ಇಬ್ಬರ ಜಗಳ ವಿಕೋಪಕ್ಕೆ ಹೋದಾಗ ಅರಮನೆಯ ಮೇಲೆಯೇ ದಳವಾಯಿಯ ಪಡೆ ತಿರುಗಿಬಿತ್ತು. ಆ ಮಗಳು, ಅಪ್ಪನಿಗೂ ಗಂಡನಿಗೂ ನಡುವೆ ಸಿಕ್ಕಿದ ಆ ಹೆಣ್ಣು, ಅಂದು ರಾತ್ರಿ ಏನು ಮಾಡಿದಳೆಂದು ಯಾರೂ ಬರೆದಿಡಲಿಲ್ಲ. ಮದುವೆ ಎಂದರೆ ಅಲ್ಲಿ ಪ್ರೇಮವಲ್ಲ, ಕರಾರು. ಅರಮನೆಯ ಮದುವೆಗಳ ಬಗ್ಗೆ ರಸವತ್ತಾಗಿ ಮಾತಾಡುವಾಗ ಇದನ್ನು ನಾವು ಮರೆಯುತ್ತೇವೆ.

ಇಮ್ಮಡಿ ಕೃಷ್ಣರಾಜರ ಇನ್ನೊಬ್ಬ ರಾಣಿ ಲಕ್ಷ್ಮಮ್ಮಣ್ಣಿ. ಗಂಡ 1766ರಲ್ಲಿ ತೀರಿಕೊಂಡ ಮೇಲೆ ಹೈದರ್ ಅಲಿಯ ಕಾವಲಿನಲ್ಲಿದ್ದ ಅರಮನೆಯೊಳಗೆ ಕುಳಿತೇ ಆಕೆ ಮದರಾಸಿನ ಇಂಗ್ಲಿಷರೊಡನೆ ಗುಟ್ಟಾಗಿ ಪತ್ರವ್ಯವಹಾರ ನಡೆಸಿದರು. 1782ರಲ್ಲಿ ಅವರ ಪರವಾಗಿ ಒಂದು ಒಪ್ಪಂದವೂ ಆಯಿತು. ಹೈದರ್ ಮತ್ತು ಟಿಪ್ಪು ಇಬ್ಬರ ಆಳ್ವಿಕೆ ಮುಗಿಯುವವರೆಗೂ ಆಕೆ ಪಟ್ಟು ಬಿಡಲಿಲ್ಲ. 1799ರಲ್ಲಿ ಐದು ವರ್ಷದ ಮೊಮ್ಮಗನನ್ನು ಸಿಂಹಾಸನದ ಮೇಲೆ ಕೂರಿಸಿದ ಮೇಲೆ, 1810ರಲ್ಲಿ ಕಣ್ಣುಮುಚ್ಚಿದರು. ಟಿಪ್ಪುವನ್ನು ಪ್ರೀತಿಸುವ ನಮ್ಮಂಥವರಿಗೆ ಆಕೆ ಎದುರಾಳಿಯ ಪಾಳೆಯದವರು. ಆದರೂ ಎದುರಾಳಿ ಎಂದು ಒಪ್ಪಲಿಕ್ಕಾದರೂ ಮೊದಲು ಆಕೆಯನ್ನು ರಾಜಕಾರಣಿ ಎಂದು ಕಾಣಬೇಕು. ಊರ ಬಾಯಿ ಆ ಮಾತನ್ನು ಹೇಳಲಿಲ್ಲ.

ಹೀಗೆ ಕಾಣದೆ ಹೋದುದಕ್ಕೆ ಒಂದು ಚಿತ್ರಪಟವೇ ಸಾಕ್ಷಿ. ಐರ್ಲೆಂಡಿನ ಕಲಾವಿದ ಥಾಮಸ್ ಹಿಕಿ 1805ರ ಸುಮಾರಿಗೆ ಮೈಸೂರಿನ ಮೂವರು ಹೆಂಗಸರನ್ನು ಬರೆದ. ಮೈತುಂಬ ಒಡವೆ, ಜರತಾರಿ ಸೀರೆ, ನೇರವಾಗಿ ನೋಡುವ ಕಣ್ಣು. ಬಹಳ ಕಾಲ ಇವರನ್ನು ನರ್ತಕಿಯರು, ಸೂಳೆಯರು ಎಂದೇ ಪಶ್ಚಿಮದವರು ಗುರುತಿಸಿದರು. ಪರಪುರುಷನ ಎದುರು ಕುಳಿತು ಚಿತ್ರ ಬರೆಸಿಕೊಂಡ ಹೆಣ್ಣು ಬೇರೆ ಏನಾಗಿರಲು ಸಾಧ್ಯ ಎಂಬುದೇ ಅದಕ್ಕಿದ್ದ ಆಧಾರ. ನೈಜೆಲ್ ಚಾನ್ಸೆಲರ್ ಎಂಬ ಇತಿಹಾಸಕಾರರು ಆ ಒಡವೆ, ಉಡುಪು, ಕಾಲದ ದಾಖಲೆಗಳನ್ನು ಕೂಡಿಸಿ ನೋಡಿ ಬೇರೆಯೇ ವಾದ ಮುಂದಿಟ್ಟರು. ಅವರ ಪ್ರಕಾರ ಇಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿಯರು, ದೇವಾಜಮ್ಮಣ್ಣಿ ಎಂಬ ಒಂದೇ ಹೆಸರಿನವರು. ನಡುವೆ ನಿಂತವರು ಅಜ್ಜಿ ಲಕ್ಷ್ಮಮ್ಮಣ್ಣಿ. ಬಲಗಡೆಯ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಬೆಡಗಿಗಲ್ಲ. ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ತೋರಿಸಲು.

ಲಸಿಕೆ ಇಂಡಿಯಾಕ್ಕೆ ಬಂದದ್ದು 1802ರಲ್ಲಿ. ಹಸುವಿನ ಸಿಡುಬಿನಿಂದ ತೆಗೆದದ್ದು, ತೋಳಿಂದ ತೋಳಿಗೆ ದಾಟಿಸುತ್ತಿದ್ದದ್ದು. ಯಾರ ಜಾತಿಯ ತೋಳಿಂದ ಬಂದದ್ದೋ ಎಂದು ಜನ ಹಿಂಜರಿಯುತ್ತಿದ್ದ ಕಾಲ. ಆಗ ಅರಮನೆಯ ಹೆಂಗಸರೇ ಮುಂದೆ ಬಂದು ಲಸಿಕೆ ಹಾಕಿಸಿಕೊಂಡರೆ ಊರಿಗೆ ಧೈರ್ಯ. ಚಾನ್ಸೆಲರ್ ಹೇಳಿದ್ದು ನಿಜವಾದರೆ ಜನರ ಪ್ರಾಣ ಉಳಿಸಲು ತೆರೆದ ತೋಳನ್ನು ಸುಮಾರು ಇನ್ನೂರು ವರ್ಷ ಲೋಕ ಸೂಳೆಯ ತೋಳು ಎಂದು ಓದಿತು. ಈ ಮಾತಿಗೆ ಸನದು ಕೇಳಿದವರು ಯಾರೂ ಇರಲಿಲ್ಲ. ನಂಜನಗೂಡಿನ ದೇವಸ್ಥಾನದ ಮುಂದೆ ಏಳು ಅಂತಸ್ತಿನ ಗೋಪುರ ನಿಂತಿದೆಯಲ್ಲ, ಅದನ್ನು ಕಟ್ಟಿಸಿದ ಮುಮ್ಮಡಿಯವರ ರಾಣಿಯ ಹೆಸರೂ ದೇವಾಜಮ್ಮಣ್ಣಿಯೇ. ಜಾತ್ರೆಗೆ ಬಂದ ಲಕ್ಷ ಜನ ತಲೆಯೆತ್ತಿ ಗೋಪುರ ನೋಡುತ್ತಾರೆ. ಕಟ್ಟಿಸಿದವರ ಹೆಸರು ಕೇಳಿದರೆ ಮಹಾರಾಜರು ಎನ್ನುತ್ತಾರೆ.

ಅದೇ ದೇವಸ್ಥಾನದೊಳಗೆ ನಮ್ಮವರ ಹೆಸರೂ ಇದೆ. ಟಿಪ್ಪುವಿನ ಪಟ್ಟದಾನೆಗೆ ಕಣ್ಣು ಹೋಗಿತ್ತು, ನಂಜುಂಡನಿಗೆ ಹರಕೆ ಹೊತ್ತ ಮೇಲೆ ಬಂದಿತು, ಸುಲ್ತಾನ ಪಚ್ಚೆಯ ಲಿಂಗವನ್ನು ಒಪ್ಪಿಸಿ ದೇವರನ್ನು ಹಕೀಂ ನಂಜುಂಡ ಎಂದು ಕರೆದ ಎಂಬುದು ಸ್ಥಳದ ಕಥೆ. ಅರ್ಚಕರೂ ಹೇಳುತ್ತಾರೆ, ನಮ್ಮ ದಾದಿಯೂ ಹೇಳುತ್ತಿದ್ದರು. ಇದೂ ಬಾಯಿಮಾತೇ. ಆದರೆ ಈ ಬಾಯಿಮಾತು ಯಾರ ಮಾನವನ್ನೂ ಕಳೆಯುವುದಿಲ್ಲ, ಎರಡು ಮನೆಗಳ ನಡುವೆ ಬಾಗಿಲು ತೆರೆದಿಡುತ್ತದೆ.

ಟಿಪ್ಪುವಿನ ಕುರಿತ ಇನ್ನೊಂದು ಬಗೆಯ ಮಾತು ಹೊರಗಿನಿಂದ ಬಂದದ್ದು. ಅದು ಜನಾನಾದ ಮಾತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಸುಲ್ತಾನನ ಅಂತಃಪುರದ ಹೆಂಗಸರನ್ನು ಲೆಕ್ಕ ಹಾಕಿದರು. ಆರು ನೂರಕ್ಕೂ ಮೀರಿತ್ತು. ಅಷ್ಟು ಸಾಕಾಯಿತು. ಸುಲ್ತಾನನಿಗೆ ಆರು ನೂರು ಹೆಂಡಿರು ಎಂಬ ಮಾತು ಹುಟ್ಟಿತು. ಆದರೆ ಆ ಲೆಕ್ಕದಲ್ಲಿ ಹೈದರ್ ಅಲಿಯ ಕಾಲದ ವೃದ್ಧೆಯರಿದ್ದರು, ವಿಧವೆಯರಿದ್ದರು, ಬಂಧುಗಳಿದ್ದರು, ಮಕ್ಕಳನ್ನು ಆಡಿಸುವವರು, ಅಡಿಗೆಯವರು, ದಾಸಿಯರು ಇದ್ದರು. ಅದು ಒಂದು ಊರಿನಂಥ ಮನೆ. ಅದರಲ್ಲಿ ಬಲವಂತಕ್ಕೆ ಸಿಕ್ಕಿ ಬಂದವರೂ ಇದ್ದರು, ಅದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಅಂದಿನ ಯಾವ ಅರಮನೆಯೂ ಅದರಿಂದ ಹೊರತಾಗಿರಲಿಲ್ಲ. ಆದರೆ ಒಂದು ಮನೆಯ ಎಲ್ಲ ಹೆಂಗಸರನ್ನೂ ಯಜಮಾನನ ಹಾಸಿಗೆಗೆ ಸೇರಿಸಿ ಎಣಿಸುವುದು ಲೆಕ್ಕವಲ್ಲ, ಗೆದ್ದವರ ಕಣ್ಣು.

ಆ ಕಣ್ಣು ಎಲ್ಲಿಯವರೆಗೆ ಹೋಯಿತು ನೋಡಿ. ಇಂಡಿಯಾಕ್ಕೆ ಎಂದೂ ಬಾರದ ಸರ್ ವಾಲ್ಟರ್ ಸ್ಕಾಟ್ 1827ರಲ್ಲಿ ‘ದಿ ಸರ್ಜನ್ಸ್ ಡಾಟರ್’ ಎಂಬ ಕಾದಂಬರಿ ಬರೆದ. ಅದರಲ್ಲಿ ಸ್ಕಾಟ್ಲೆಂಡಿನ ಹುಡುಗಿಯೊಬ್ಬಳನ್ನು ಅವಳನ್ನು ಪ್ರೀತಿಸುವವನೇ ಮೋಸದಿಂದ ಕರೆತಂದು ಟಿಪ್ಪುವಿನ ಜನಾನಾಕ್ಕೆ ಒಪ್ಪಿಸಲು ಹೊರಡುತ್ತಾನೆ. ಅವಳನ್ನು ಬಿಡಿಸುವವನು ಹೈದರ್ ಅಲಿ. ಇಂಥ ಪುಸ್ತಕ ಓದಿಕೊಂಡು ಬಂದ ಹುಡುಗರು ಮುಂದೆ ನಮ್ಮ ಜಿಲ್ಲೆಗಳ ಅಧಿಕಾರಿಗಳಾದರು, ನಮ್ಮ ಪಠ್ಯಪುಸ್ತಕ ಬರೆದರು.

ಆಸ್ಥಾನದ ಇತಿಹಾಸಕಾರ ಕಿರ್ಮಾನಿ ಬರೆದಿಟ್ಟ ಸಂಗತಿ ಇದಕ್ಕಿಂತ ಮನುಷ್ಯ ಸಹಜವಾಗಿದೆ. 1774ರಲ್ಲಿ ಟಿಪ್ಪುವಿಗೆ ಮದುವೆ ಮಾಡಬೇಕೆಂದಾಗ ಅಪ್ಪ ಹೈದರ್ ಆರಿಸಿದ್ದು ಆರ್ಕಾಟಿನ ಇಮಾಂ ಸಾಹೇಬ್ ಬಕ್ಷಿಯ ಮಗಳನ್ನು. ಒಳಮನೆಯ ಹೆಂಗಸರು ಒಪ್ಪಿದ್ದು ಯುದ್ಧದಲ್ಲಿ ಮಡಿದ ಲಾಲಾ ಮಿಯಾನ ಮಗಳು ರುಖಯ್ಯಾ ಬಾನುವನ್ನು. ಇಬ್ಬರ ಮಾತೂ ಕೆಡದಂತೆ ಒಂದೇ ದಿನ ಎರಡು ನಿಕಾಹ್ ಆದವು. ಗಂಡು ಹೆಣ್ಣು ಗೊತ್ತು ಮಾಡುವಾಗ ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ ಎಳೆದಾಡುವುದನ್ನು ನಮ್ಮ ಮನೆಗಳಲ್ಲೂ ಕಂಡಿಲ್ಲವೆ? ಎರಡು ನಿಕಾಹಿನ ಆ ಸಂಜೆ ಇಬ್ಬರು ಹುಡುಗಿಯರ ಎದೆಯಲ್ಲಿ ಏನಿತ್ತು ಎಂದು ಕಿರ್ಮಾನಿಯೂ ಬರೆಯಲಿಲ್ಲ. ರುಖಯ್ಯಾ ಬಾನು 1792ರ ಶ್ರೀರಂಗಪಟ್ಟಣದ ಮುತ್ತಿಗೆಯ ಹೊತ್ತಿಗೆ ತೀರಿಕೊಂಡರು. ಅದೇ ವರ್ಷ ಟಿಪ್ಪು ತನ್ನ ಇಬ್ಬರು ಚಿಕ್ಕ ಮಕ್ಕಳನ್ನು ಕಾರ್ನ್‌ವಾಲಿಸನಿಗೆ ಒತ್ತೆಯಿಟ್ಟ. ಮಕ್ಕಳ ಒತ್ತೆಯನ್ನು ಇಂಗ್ಲಿಷ್ ಕಲಾವಿದರು ಮತ್ತೆ ಮತ್ತೆ ಚಿತ್ರಿಸಿದರು. ಆ ಮನೆಯ ಹೆಂಗಸರ ದುಃಖಕ್ಕೆ ಚಿತ್ರವಿಲ್ಲ. 1799ರ ನಂತರ ಉಳಿದವರನ್ನು ವೆಲ್ಲೂರಿನ ಕೋಟೆಗೆ ಸಾಗಿಸಿದರು. 1806ರ ಜುಲೈ 10ರಂದು ಅಲ್ಲಿ ಸಿಪಾಯಿಗಳು ದಂಗೆಯೆದ್ದ ಮೇಲೆ ಗಂಡುಮಕ್ಕಳನ್ನು ಕಲ್ಕತ್ತೆಗೆ ಕಳಿಸಿದರು. ದಂಗೆಯ ಸುಮಾರಿಗೇ ಟಿಪ್ಪುವಿನ ಮಗಳೊಬ್ಬಳ ಮದುವೆ ಕೋಟೆಯಲ್ಲಿ ನಡೆದಿತ್ತು. ಸುಲ್ತಾನನ ಹಾಸಿಗೆ ಎಣಿಸಿದ ಊರ ಬಾಯಿ ಈ ಮಗಳನ್ನು ನೆನೆಯುವುದಿಲ್ಲ.

ಕಪಿಲೆ ನಂಜನಗೂಡು ಬಿಟ್ಟು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. 1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳ ನಡೆಸುವ ರೂಢಿ ಬಂದಿದೆ. ಒಂದಾದ ನೀರು ಅಲ್ಲಿಂದ ತಲಕಾಡಿನ ಕಡೆಗೆ ತಿರುಗುತ್ತದೆ. ಮೈಸೂರು ಸೀಮೆಯ ಅತಿ ದೊಡ್ಡ ಗಾಳಿಮಾತು ಹುಟ್ಟಿದ್ದು ಇಲ್ಲಿ.

ಕಥೆ ಎಲ್ಲರಿಗೂ ಗೊತ್ತು. ವಿಜಯನಗರದ ಪರವಾಗಿ ಶ್ರೀರಂಗಪಟ್ಟಣ ಆಳುತ್ತಿದ್ದ ತಿರುಮಲ, ಜನರ ಬಾಯಲ್ಲಿ ಶ್ರೀರಂಗರಾಯ, ಬೆನ್ನಿನ ಹುಣ್ಣು ವಾಸಿಯಾಗಲೆಂದು ತಲಕಾಡಿನ ವೈದ್ಯನಾಥನ ಸನ್ನಿಧಿಗೆ ಬಂದ. 1610ರಲ್ಲಿ ರಾಜ ಒಡೆಯರು ಪಟ್ಟಣವನ್ನು ವಶಪಡಿಸಿಕೊಂಡರು. ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆಗಳು ಹೆಂಡತಿ ಅಲಮೇಲಮ್ಮನ ಬಳಿ ಇದ್ದವು. ಆಕೆ ಮುತ್ತಿನ ಮೂಗುತಿ ಕೊಟ್ಟು ಕಳಿಸಿದಳು. ಉಳಿದದ್ದೂ ಬೇಕೆಂದು ಸೈನಿಕರು ಬಂದಾಗ ಒಡವೆಯ ಗಂಟು ಕಟ್ಟಿಕೊಂಡು ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು. ಹಾರುವಾಗ ಮೂರು ಶಾಪ ಹಾಕಿದಳು. ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ದೊರೆಗಳಿಗೆ ಸಂತಾನವಿಲ್ಲದ ಮನೆ.

ಮರಳಿನ ಮಾತಿಗೆ ಇಂದು ವಿಜ್ಞಾನದ ಉತ್ತರಗಳಿವೆ. ಕಾವೇರಿ ಇಲ್ಲಿ ಬಾಗುತ್ತಾಳೆ, ಬೇಸಿಗೆಯಲ್ಲಿ ಪಾತ್ರದ ಮರಳು ಒಣಗಿ ಗಾಳಿಗೆ ಏಳುತ್ತದೆ. ಮೇಲ್ಭಾಗದಲ್ಲಿ ಕಟ್ಟಿದ ಮಾಧವಮಂತ್ರಿ ಅಣೆಕಟ್ಟಿನಿಂದ ಮರಳು ಹೆಚ್ಚು ತೆರೆದುಕೊಂಡಿತು ಎಂದು ಕೆ.ಎನ್. ಗಣೇಶಯ್ಯನವರಂಥ ವಿದ್ವಾಂಸರು ಹೇಳಿದ್ದಾರೆ. ಗಂಗರ ರಾಜಧಾನಿಯಾಗಿದ್ದ ಊರು, ವಿಷ್ಣುವರ್ಧನನ ಕೀರ್ತಿನಾರಾಯಣ ನಿಂತ ಊರು, ದಿಬ್ಬಗಳ ಕೆಳಗೆ ಹೋಯಿತು.

ಸಂತಾನದ ಶಾಪವನ್ನು ಮಾತ್ರ ವಂಶಾವಳಿಯ ಪಕ್ಕದಲ್ಲಿಟ್ಟು ನೋಡಬೇಕು. ರಾಜ ಒಡೆಯರ ನಂತರ 1617ರಲ್ಲಿ ಪಟ್ಟಕ್ಕೆ ಬಂದದ್ದು ಮಗನಲ್ಲ, ಮೊಮ್ಮಗ. ಊರು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಆದರೆ ಚಿಕ್ಕದೇವರಾಜ ಒಡೆಯರ ನಂತರ 1704ರಲ್ಲಿ ಅವರ ಮಗ, ಮಾತು ಬಾರದ ಕಂಠೀರವ ನರಸರಾಜರು ಬಂದರು. 1714ರಲ್ಲಿ ಅವರ ಮಗ ದೊಡ್ಡ ಕೃಷ್ಣರಾಜರು ಬಂದರು. ಇಮ್ಮಡಿ ಕೃಷ್ಣರಾಜರ ಇಬ್ಬರು ಗಂಡುಮಕ್ಕಳು 1766ರಲ್ಲೂ 1770ರಲ್ಲೂ ಹೆಸರಿಗಾದರೂ ದೊರೆಗಳಾದರು. ಶಾಪದ ಲೆಕ್ಕ ಇಲ್ಲಿ ತಪ್ಪುತ್ತದೆ. ಹುಟ್ಟಿದ ಮಕ್ಕಳನ್ನು ಊರ ಬಾಯಿ ಬಿಟ್ಟುಬಿಟ್ಟಿತು, ಹುಟ್ಟದಿದ್ದವರನ್ನಷ್ಟೇ ಎಣಿಸಿತು.

ಲೆಕ್ಕ ಕೂಡಿಬಂದದ್ದು ಮುಮ್ಮಡಿಯವರಿಂದೀಚೆಗೆ. ಅವರಿಗೆ ಪಟ್ಟಕ್ಕೆ ಗಂಡುಮಗ ಉಳಿಯಲಿಲ್ಲ, 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ದತ್ತಕವನ್ನು ಒಪ್ಪದೆ ಸತಾರಾ, ಝಾನ್ಸಿಗಳನ್ನು ಕಂಪನಿ ನುಂಗಿದ್ದು ಆಗಿನ್ನೂ ಹಳೆಯ ಮಾತಾಗಿರಲಿಲ್ಲ. ಮೈಸೂರಿನ ಆಡಳಿತ 1831ರಿಂದಲೂ ಇಂಗ್ಲಿಷರ ಕೈಯಲ್ಲಿತ್ತು. ದತ್ತುವನ್ನು ಒಪ್ಪಿದ್ದು 1867ರಲ್ಲಿ, ಆಡಳಿತ ಹಿಂತಿರುಗಿದ್ದು 1881ರಲ್ಲಿ. ಹೊಳೆದಂಡೆಯ ಜನ ಶಾಪ ಎಂದು ನಿಟ್ಟುಸಿರು ಬಿಡುತ್ತಿದ್ದ ಸಂಗತಿ ಕಲ್ಕತ್ತೆ, ಲಂಡನ್ನುಗಳ ಕಚೇರಿಯಲ್ಲಿ ಒಂದು ರಾಜ್ಯದ ಅಳಿವು ಉಳಿವಿನ ಕಡತವಾಗಿತ್ತು. ತೊಟ್ಟಿಲು ತೂಗದ ಅರಮನೆಯ ನಷ್ಟ ರಾಣಿಯದು ಮಾತ್ರ ಆಗಿರಲಿಲ್ಲ, ಆದರೆ ಮಾತು ಬಿದ್ದದ್ದು ರಾಣಿಯ ಮಡಿಲಿನ ಮೇಲೆ.

ಚಾಮರಾಜೇಂದ್ರರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗ ನಾಲ್ವಡಿಗೆ ಹತ್ತು ವರ್ಷ. ರಾಜ್ಯದ ಹೊಣೆ ಹೊತ್ತವರು ತಾಯಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ಕಳಲೆ ಮನೆತನದ ಮಗಳು. ಮೂವತ್ತು ತುಂಬದ ವಿಧವೆ. 1902ರವರೆಗೆ ಆಕೆ ರೀಜೆಂಟಾಗಿ ರಾಜ್ಯ ನಡೆಸಿದರು. ಪ್ಲೇಗ್ ಬಂದದ್ದು ಅವರ ಕಾಲದಲ್ಲಿ, ಶಿವನಸಮುದ್ರದ ವಿದ್ಯುತ್ತಿನ ಕೆಲಸ ನಡೆದದ್ದು ಅವರ ಕಾಲದಲ್ಲಿ, ಮಾರಿಕಣಿವೆಯ ಜಲಾಶಯಕ್ಕೆ ಅವರದೇ ಹೆಸರು. ಶಾಪದ ಅಲಮೇಲಮ್ಮನನ್ನು ಅರಿಯದ ಮಗು ಈ ತಾಲ್ಲೂಕುಗಳಲ್ಲಿಲ್ಲ. ಕಳಲೆಯ ಈ ಮಗಳನ್ನು ಅರಿತ ಮಕ್ಕಳು ಎಷ್ಟಿದ್ದಾರೆ? ಗಾಳಿಮಾತು ಹೆಣ್ಣಿನ ಕಣ್ಣೀರನ್ನೂ ಹಾಸಿಗೆಯನ್ನೂ ಮಡಿಲನ್ನೂ ನೆನಪಿಡುತ್ತದೆ. ಅವಳು ರುಜು ಹಾಕಿದ ಕೈಯನ್ನು ಮರೆಯುತ್ತದೆ.

ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, 1940ರಲ್ಲಿ ತಮ್ಮನ ಮಗ ಜಯಚಾಮರಾಜರು ಬಂದರು. ಅವರ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಮೈಸೂರಿನಿಂದ ನಾಲ್ಕು ಸಲ ಲೋಕಸಭೆಗೆ ಹೋದರು. 2013ರ ಡಿಸೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ ಪತ್ರಿಕೆ, ಟೀವಿಗಳು ಮಾಲಂಗಿಯ ಮಡುವಿಗೆ ಕ್ಯಾಮೆರಾ ಹೊತ್ತು ಓಡಿದವು. 2015ರಲ್ಲಿ ಯದುವೀರರ ದತ್ತಕ, 2016ರಲ್ಲಿ ಮದುವೆ. ಮದುವೆಯ ಚಪ್ಪರ ಇಳಿಯುವ ಮೊದಲೇ ಹೊಸ ಸೊಸೆಯ ಮೇಲೆ ನಾಲ್ಕು ನೂರು ವರ್ಷದ ಪ್ರಶ್ನೆ ಬಿತ್ತು. 2017ರ ಡಿಸೆಂಬರಿನಲ್ಲಿ ಗಂಡುಮಗು ಹುಟ್ಟಿದಾಗ ಶಾಪ ವಿಮೋಚನೆ ಎಂದು ದೊಡ್ಡ ಅಕ್ಷರದ ಸುದ್ದಿ. 2024ರಲ್ಲಿ ಯದುವೀರರು ಮೈಸೂರು ಕ್ಷೇತ್ರದ ಸಂಸದರಾದರು. ನಂಜನಗೂಡು, ನರಸೀಪುರಗಳ ಮತ ಚಾಮರಾಜನಗರ ಕ್ಷೇತ್ರಕ್ಕೆ ಸೇರುತ್ತದೆ. ಮತ ಬೇರೆಯಾದರೂ ಹರಟೆ ಇಲ್ಲಿಯದೇ.

ಹಾಗಾದರೆ ಅಲಮೇಲಮ್ಮನ ಕಥೆಯನ್ನು ಸುಳ್ಳೆಂದು ನೀರಿಗೆ ಬಿಡೋಣವೆ? ನಮಗೆ ಹಾಗೆನ್ನಿಸುವುದಿಲ್ಲ. ಅದರ ಸನದು ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಸೋತವರ ಬಾಯಿ. ಗೆದ್ದ ರಾಜನ ಎದುರು ಸೋತ ಮನೆಯ ಹೆಂಗಸಿಗೆ ಯಾವ ನ್ಯಾಯಾಲಯವೂ ಇರಲಿಲ್ಲ, ಬಾಯಿಯೊಂದೇ ಇತ್ತು. ಗೆದ್ದ ಮನೆಯೇ ಆಕೆಯ ಮೂರ್ತಿ ಮಾಡಿಸಿ ಅರಮನೆಯಲ್ಲಿ ಪೂಜೆಗೆ ಇಟ್ಟಿತು. ಅದು ಹೆದರಿಕೆಯೋ ಪಶ್ಚಾತ್ತಾಪವೋ, ಒಂದು ಒಪ್ಪಿಗೆಯಂತೂ ಹೌದು. ಜನಾನಾದ ಕಥೆ ಹಾಗಲ್ಲ. ಅದು ಗೆದ್ದವರು ಸೋತವರ ಮನೆಯ ಹೆಂಗಸರ ಮೇಲೆ ಹೊರಿಸಿದ್ದು. ಎರಡೂ ಗಾಳಿಮಾತೇ. ಒಂದು ಅನ್ಯಾಯವನ್ನು ಮರೆಯಗೊಡುವುದಿಲ್ಲ, ಇನ್ನೊಂದು ಅನ್ಯಾಯಕ್ಕೆ ನೆಪ ಒದಗಿಸುತ್ತದೆ.

ಕೆಲವು ವರ್ಷದ ಹಿಂದೆ ಮಾಲಂಗಿಯ ಹೊಳೆದಂಡೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಜ್ಜಿಯೊಬ್ಬರನ್ನು ಮಡು ಎಲ್ಲಿ ಎಂದು ಕೇಳಿದೆವು. ಕೈಚಾಚಿ ತೋರಿಸಿ, ‘ಒಡ್ವೆ ಆಸೆಗೆ ಬಿದ್ಲು ಅಂತಾರೆ ಕನವ್ವ. ಒಡ್ವೆ ಆಸೆ ಇದ್ದೋಳು ನೀರ್ಗೆ ಬೀಳ್ತಾಳಾ?’ ಎಂದರು. ಅಷ್ಟು ಹೇಳಿ ಮತ್ತೆ ಸೀರೆ ಕೊಡವಿದರು.

ಅಂದು ಬಸ್ಸಿನಲ್ಲಿ ಹಿಂದಿರುಗುವಾಗ ನಮಗೆ ಉರ್ದು ಶಾಲೆಯ ಸಹಪಾಠಿಯೊಬ್ಬಳು ನೆನಪಾದಳು. ಏಳನೆಯ ತರಗತಿಯಲ್ಲಿ ಲೆಕ್ಕದಲ್ಲಿ ನಮಗಿಂತ ಮುಂದಿದ್ದವಳು. ಅಂಗಡಿಯ ಮುಂದೆ ಯಾರೊಡನೆಯೋ ಮಾತಾಡುತ್ತಿದ್ದಳು ಎಂದು ಓಣಿಯಲ್ಲಿ ಮಾತು ಹಬ್ಬಿತು. ಮರುವಾರದಿಂದ ಅವಳು ಶಾಲೆಗೆ ಬರಲಿಲ್ಲ. ಯಾರು ನೋಡಿದರು ಎಂದು ಒಬ್ಬರೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ಹೆಣ್ಣಿನ ಮೇಲೆ ಅಪವಾದ ಹೊರಿಸುವವನು ನಾಲ್ಕು ಸಾಕ್ಷಿ ತರಬೇಕು ಎಂದು ಕುರ್‌ಆನಿನಲ್ಲಿ ಓದಿಕೊಂಡ ಓಣಿಯೇ ಅದು. ಅರಮನೆಗಾದರೆ ಗೋಪುರ ಕಟ್ಟಿಸಲು, ಚಿತ್ರ ಬರೆಸಲು ಅನುಕೂಲವಿತ್ತು, ಇನ್ನೂರು ವರ್ಷದ ಮೇಲಾದರೂ ಒಬ್ಬ ಇತಿಹಾಸಕಾರ ಬಂದು ಮಾತು ತಿದ್ದಿದ. ಓಣಿಯ ಹುಡುಗಿಗೆ ಆ ಭಾಗ್ಯವಿಲ್ಲ. ಅವಳ ಪರವಾಗಿ ಸನದು ಕೇಳಬೇಕಾದವರು ಅಂದೇ, ಆ ಓಣಿಯಲ್ಲೇ ಇರಬೇಕು.